ಒಂದೇ ಮೇಳ, ಎರಡು ರಂಗಸ್ಥಳ: ತುಲೂಸ್ ರಗ್ಬಿ ತಂಡದ 2023–24ರ ಋತು

ಫ್ರಾನ್ಸಿನ ನೈರುತ್ಯ ದಿಕ್ಕಿನಲ್ಲಿ ಗರೋನ್ ನದಿಯ ದಂಡೆಯ ಮೇಲಿರುವ ತುಲೂಸ್ ನಗರ ಬೆಂಗಳೂರಿಗೆ ತೀರ ಅಪರಿಚಿತವೇನಲ್ಲ. ಏರ್‌ಬಸ್ ಕಂಪನಿಯ ಮುಖ್ಯ ನೆಲೆ ಅಲ್ಲಿದೆ, ಅದರ ಎಂಜಿನಿಯರಿಂಗ್ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಕೆಲಸದ ಮೇಲೆ ಅಲ್ಲಿಗೆ ಹೋದವರು ಮೊದಲು ಇಟ್ಟಿಗೆಯ ಗುಲಾಬಿ ಕಟ್ಟಡಗಳನ್ನು ನೋಡುತ್ತಾರೆ. ಆಮೇಲೆ ಅಂಗಡಿ, ಹೋಟೆಲು, ಬಾಲ್ಕನಿಗಳಲ್ಲಿ ತೂಗುವ ಕೆಂಪು-ಕಪ್ಪು ಬಾವುಟಗಳನ್ನು ನೋಡುತ್ತಾರೆ. ಅದು ಸ್ಟಾಡ್ ತುಲೂಸಾಂ ಎಂಬ ರಗ್ಬಿ ಕ್ಲಬ್ಬಿನ ಬಣ್ಣ. ಫುಟ್‌ಬಾಲ್ ತಂಡ ಇದ್ದರೂ ಆ ಊರಿನ ಮನಸ್ಸು ರಗ್ಬಿಯ ಕಡೆಗೇ ವಾಲಿದೆ.

ಈ ತಂಡವನ್ನು ಹೊಸದಾಗಿ ಹಿಂಬಾಲಿಸುವವರಿಗೆ ಒಂದು ಗೊಂದಲ ಎದುರಾಗುತ್ತದೆ. ಈ ಶನಿವಾರ ಫ್ರೆಂಚ್ ಲೀಗಿನ ಪಂದ್ಯ, ಮುಂದಿನ ಭಾನುವಾರ ಯುರೋಪಿನ ಕಪ್, ಅದರ ಮುಂದಿನ ವಾರ ಮತ್ತೆ ಲೀಗ್. ಫೆಬ್ರುವರಿ ಬಂತೆಂದರೆ ತಂಡದ ಹೆಸರಾಂತ ಆಟಗಾರರೆಲ್ಲ ಮಾಯ. ಆದರೂ ಪಂದ್ಯ ನಿಲ್ಲುವುದಿಲ್ಲ, ಅಂಕಗಳೂ ಲೆಕ್ಕಕ್ಕೆ ಬರುತ್ತವೆ. ಸ್ಕ್ರಮ್, ಲೈನ್‌ಔಟ್ ಎಂಬ ಆಟದ ಪಟ್ಟುಗಳನ್ನು ಹತ್ತು ಪಂದ್ಯ ನೋಡಿ ಕಲಿಯಬಹುದು. ಈ ವೇಳಾಪಟ್ಟಿಯ ಒಳಸುಳಿಯನ್ನು ಮಾತ್ರ ಯಾರಾದರೂ ಕೂರಿಸಿಕೊಂಡು ಹೇಳಬೇಕು. ಅದನ್ನು ಹೇಳಲು 2023–24ರ ತುಲೂಸ್ ಋತುವಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ವರ್ಷ ತುಲೂಸ್ ಫ್ರೆಂಚ್ ಲೀಗನ್ನೂ ಯುರೋಪಿನ ಕಪ್ಪನ್ನೂ ಗೆದ್ದಿತು.

ಮೊದಲು ಆಟದ ಬಗ್ಗೆ ಎರಡು ಮಾತು. ರಗ್ಬಿ ಯೂನಿಯನ್ನಿನಲ್ಲಿ ತಂಡಕ್ಕೆ ಹದಿನೈದು ಜನ, ಬೆಂಚಿನ ಮೇಲೆ ಎಂಟು ಜನ, ಆಟದ ಅವಧಿ 80 ನಿಮಿಷ. ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಐದು ಅಂಕ. ಟ್ರೈ ನಂತರ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೆರಡು. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿಯನ್ನು ಕಂಬಗಳ ನಡುವೆ ಒದ್ದರೆ ಮೂರು. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದ ಕ್ಷಣದಲ್ಲಿ ಒದ್ದು ಕಂಬ ದಾಟಿಸಿದರೆ ಅದು ಡ್ರಾಪ್ ಗೋಲ್, ಅದಕ್ಕೂ ಮೂರು. ಈ ಡ್ರಾಪ್ ಗೋಲನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಗುವ ಆಳುಗಳು ಓಡಿ ಬಂದು ಒಬ್ಬರಿಗೊಬ್ಬರು ಅಪ್ಪಳಿಸುವ ಆಟ ಇದು. ಫುಟ್‌ಬಾಲಿನಲ್ಲಿ ಭಾನುವಾರ ಒಂದು, ಬುಧವಾರ ಒಂದು ಎಂದು ಆಡಿಸಿದಂತೆ ರಗ್ಬಿಯನ್ನು ಆಡಿಸಲಾಗದು. ವಾರಕ್ಕೆ ಒಂದೇ ಪಂದ್ಯ. ಅದರ ನೋವು ಇಳಿಯಲು ಉಳಿದ ವಾರ ಬೇಕು. ಹಾಗಾಗಿ ವರ್ಷದ ವಾರಾಂತ್ಯಗಳು ಎಷ್ಟಿವೆಯೋ ಅಷ್ಟನ್ನೇ ಎಲ್ಲರೂ ಹಂಚಿಕೊಳ್ಳಬೇಕು. ರಾಷ್ಟ್ರೀಯ ಲೀಗಿಗೆ ಅವು ಬೇಕು, ಯುರೋಪಿನ ಕಪ್ಪಿಗೆ ಬೇಕು, ದೇಶದ ತಂಡಕ್ಕೂ ಬೇಕು. ಆದರೆ ಮೂವರೂ ಬಯಸುವುದು ಅದೇ ಆಟಗಾರರನ್ನು. ರಗ್ಬಿ ಋತುವಿನ ಎಲ್ಲ ತೊಡಕೂ ಈ ಒಂದು ಬೇರಿನಿಂದ ಹುಟ್ಟುತ್ತದೆ.

ಲೀಗ್ ಎಂಬ ದೀರ್ಘ ಬೇಸಾಯ

ಫ್ರಾನ್ಸಿನ ಲೀಗಿನ ಹೆಸರು ಟಾಪ್ 14. ಹದಿನಾಲ್ಕು ತಂಡಗಳು, ಪ್ರತಿಯೊಬ್ಬರ ವಿರುದ್ಧವೂ ತವರಿನಲ್ಲಿ ಒಂದು, ಅವರ ಊರಿನಲ್ಲಿ ಒಂದು. ಒಟ್ಟು 26 ಪಂದ್ಯ. ಮೊದಲ ಎರಡು ಸ್ಥಾನ ಪಡೆದವರು ನೇರವಾಗಿ ಸೆಮಿಫೈನಲ್‌ಗೆ. ಮೂರರಿಂದ ಆರರವರೆಗಿನವರು ತಮ್ಮೊಳಗೆ ಒಂದು ಸುತ್ತು ಆಡಿ ಇನ್ನಿಬ್ಬರನ್ನು ಕಳಿಸುತ್ತಾರೆ. ಕೊನೆಯ ಸ್ಥಾನದವರು ಕೆಳಗಿನ ದರ್ಜೆಗೆ ಇಳಿಯುತ್ತಾರೆ. ಹದಿಮೂರನೆಯವರು ಕೆಳದರ್ಜೆಯ ಫೈನಲ್‌ನಲ್ಲಿ ಸೋತವರ ಜೊತೆ ಆಡಿ ಜಾಗ ಉಳಿಸಿಕೊಳ್ಳಬೇಕು. 2024ರಲ್ಲಿ ಒಯೊನಾ ಇಳಿಯಿತು. ಎರಡು ವರ್ಷ ಹಿಂದಷ್ಟೇ ಚಾಂಪಿಯನ್ ಆಗಿದ್ದ ಮೊಂಪೆಲಿಯೆ ಆ ಕೊನೆಯ ಪಂದ್ಯದಲ್ಲಿ ಗ್ರೆನೋಬ್ಲ್ ತಂಡವನ್ನು 20-18ರಲ್ಲಿ ಸೋಲಿಸಿ ಕೂದಲೆಳೆಯಲ್ಲಿ ಪಾರಾಯಿತು. ಎರಡು ವರ್ಷದಲ್ಲಿ ಶಿಖರದಿಂದ ಪ್ರಪಾತದ ಅಂಚಿಗೆ ಬರಬಹುದಾದ ಲೀಗ್ ಇದು. ಇಲ್ಲಿ ಯಾರೂ ಯಾವ ಪಂದ್ಯವನ್ನೂ ಹಗುರವಾಗಿ ಬಿಟ್ಟುಕೊಡಲಾರರು.

ಅಂಕಗಳ ಲೆಕ್ಕ ಕಬಡ್ಡಿ ನೋಡುವವರಿಗೆ ಬೇಗ ಹಿಡಿಯುತ್ತದೆ. ಪ್ರೊ ಕಬಡ್ಡಿಯಲ್ಲಿ ಬಹಳ ಕಾಲ ಗೆದ್ದವರಿಗೆ ಐದು ಅಂಕ, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೆ ಒಂದು ಅಂಕ ಎಂಬ ನಿಯಮವಿತ್ತು. ಬೆಂಗಳೂರು ಬುಲ್ಸ್ ಸೋಲುತ್ತಿರುವಾಗಲೂ ಕೊನೆಯ ರೇಡ್‌ವರೆಗೆ ಎದೆಬಡಿತ ಹೆಚ್ಚಿಸುತ್ತಿದ್ದುದು ಆ ಒಂದು ಅಂಕ. ಟಾಪ್ 14ರಲ್ಲಿ ಗೆಲುವಿಗೆ ನಾಲ್ಕು, ಸಮಬಲಕ್ಕೆ ಎರಡು. ಐದು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ ಒಂದು. ಗೆದ್ದವರಿಗೂ ಒಂದು ಹೆಚ್ಚುವರಿ ಅಂಕ ಸಿಗುತ್ತದೆ, ಆದರೆ ಎದುರಾಳಿಗಿಂತ ಮೂರು ಟ್ರೈ ಹೆಚ್ಚು ಗಳಿಸಿದರೆ ಮಾತ್ರ. ಯುರೋಪಿನ ಕಪ್‌ನಲ್ಲಿ ನಾಲ್ಕು ಟ್ರೈ ಗಳಿಸಿದ ಯಾರಿಗಾದರೂ ಆ ಅಂಕ ಸಿಗುತ್ತದೆ, ಸೋತವರಿಗೂ ಸಿಗಬಹುದು. ಫ್ರೆಂಚರ ನಿಯಮ ಕಠಿಣ: ನಾಲ್ಕು ಗಳಿಸಿದರೆ ಸಾಲದು, ಎದುರಾಳಿಯನ್ನು ಒಂದಕ್ಕೇ ಕಟ್ಟಿಹಾಕಬೇಕು. 79ನೇ ನಿಮಿಷದಲ್ಲಿ ಎದುರಾಳಿ ಒಂದು ಟ್ರೈ ಗಳಿಸಿದರೆ ಫಲಿತಾಂಶ ಬದಲಾಗದಿದ್ದರೂ ಕೈಗೆ ಬಂದಿದ್ದ ಅಂಕ ಜಾರಿಹೋಗುತ್ತದೆ. ನನಗೆ ಈ ನಿಯಮ ಬಹಳ ಇಷ್ಟ. ಮುಗಿದುಹೋದಂತೆ ಕಾಣುವ ಪಂದ್ಯಕ್ಕೂ ಅದು ಕೊನೆಯವರೆಗೆ ಜೀವ ತುಂಬುತ್ತದೆ.

ಲೀಗ್ ಗೆದ್ದವರಿಗೆ ಸಿಗುವುದು ಕಪ್ ಅಲ್ಲ. ಮರದ ಹಲಗೆಗೆ ಹಿತ್ತಾಳೆಯ ಫಲಕ ಹೊದಿಸಿದ ಒಂದು ದೊಡ್ಡ ಗುರಾಣಿ. ಅದನ್ನು ಕೆತ್ತಿದ ಚಾರ್ಲ್ಸ್ ಬ್ರೆನ್ನುಸ್ ಅವರ ಹೆಸರಿನಲ್ಲಿಯೇ ಅದನ್ನು ಕರೆಯುತ್ತಾರೆ. ಮೊದಲ ಸಲ ಇದಕ್ಕಾಗಿ ಪಂದ್ಯ ನಡೆದದ್ದು 1892ರಲ್ಲಿ. ಆ ಪಂದ್ಯದ ರೆಫರಿ ಆಗಿದ್ದವರು ಪಿಯರ್ ದ ಕೂಬರ್ತಾಂ, ಮುಂದೆ ಒಲಿಂಪಿಕ್ಸ್‌ಗೆ ಮರುಹುಟ್ಟು ಕೊಟ್ಟವರು. ತುಲೂಸ್ ಇದನ್ನು ಮೊದಲು ಗೆದ್ದದ್ದು 1912ರಲ್ಲಿ. ಯುರೋಪಿನ ಕಪ್ ಹುಟ್ಟಿದ್ದು 1995ರಲ್ಲಿ ಮಾತ್ರ. ನೂರು ವರ್ಷ ಹಿರಿಯದಾದ ಗುರಾಣಿಗೆ ಫ್ರೆಂಚ್ ರಗ್ಬಿಯಲ್ಲಿ ಇರುವ ಗೌರವವನ್ನು ಈ ವಯಸ್ಸಿನಿಂದಲೇ ಅಳೆಯಬಹುದು. ಬಹಳ ಫ್ರೆಂಚ್ ಕ್ಲಬ್ಬುಗಳು ಹಿಂದೆ ಯುರೋಪಿಗೆ ಎರಡನೆಯ ತಂಡವನ್ನು ಕಳಿಸಿ, ಮುಖ್ಯ ಆಟಗಾರರನ್ನು ಲೀಗಿಗೆಂದು ಕಾಪಾಡಿಕೊಳ್ಳುತ್ತಿದ್ದವು. ಎರಡಕ್ಕೂ ಒಂದೇ ಹಸಿವು ಇಟ್ಟುಕೊಂಡ ಕ್ಲಬ್ ಎಂಬುದೇ ತುಲೂಸಿನ ವಿಶೇಷ.

ಯುರೋಪಿನ ಕಪ್

ಚಾಂಪಿಯನ್ಸ್ ಕಪ್‌ನಲ್ಲಿ 24 ತಂಡಗಳು. ಫ್ರಾನ್ಸಿನಿಂದ ಎಂಟು, ಇಂಗ್ಲೆಂಡಿನ ಪ್ರೀಮಿಯರ್‌ಷಿಪ್‌ನಿಂದ ಎಂಟು, ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ ಹಾಗೂ ದಕ್ಷಿಣ ಆಫ್ರಿಕಾ ಸೇರಿ ಆಡುವ ಯುನೈಟೆಡ್ ರಗ್ಬಿ ಚಾಂಪಿಯನ್‌ಷಿಪ್‌ನಿಂದ ಎಂಟು. ಹೆಸರಿನಲ್ಲಿ ಯುರೋಪ್ ಇದ್ದರೂ 2022ರಿಂದ ದಕ್ಷಿಣ ಆಫ್ರಿಕಾದ ತಂಡಗಳೂ ಇದರಲ್ಲಿವೆ. ಅಂದರೆ ಪ್ರಿಟೋರಿಯಾದ ತಂಡವೊಂದು ಯುರೋಪಿನ ಚಾಂಪಿಯನ್ ಆಗಲು ಯಾವ ಅಡ್ಡಿಯೂ ಇಲ್ಲ.

ಆ ಋತುವಿನಲ್ಲಿ ಆರಾರು ತಂಡಗಳ ನಾಲ್ಕು ಗುಂಪುಗಳಿದ್ದವು. ಪ್ರತಿ ತಂಡಕ್ಕೂ ನಾಲ್ಕು ಪಂದ್ಯ, ಅದೂ ಬೇರೆ ಲೀಗಿನವರ ಜೊತೆ ಮಾತ್ರ. ಪ್ರತಿ ಗುಂಪಿನ ಮೊದಲ ನಾಲ್ವರು ಮುಂದಕ್ಕೆ. ಲೆಕ್ಕ ಹಾಕಿ ನೋಡಿ: 48 ಪಂದ್ಯ ಆಡಿಸಿ ಹೊರಹಾಕುವುದು ಎಂಟೇ ತಂಡಗಳನ್ನು. ಈ ವ್ಯವಸ್ಥೆ ನನಗೆ ಒಪ್ಪಿಗೆಯಿಲ್ಲ. ಮೊದಲು ನಾಲ್ಕು ತಂಡಗಳ ಗುಂಪುಗಳಲ್ಲಿ ಎಲ್ಲರೂ ಎಲ್ಲರ ಮೇಲೆ ಎರಡೆರಡು ಸಲ ಆಡುತ್ತಿದ್ದ ಕಾಲದಲ್ಲಿ ಗುಂಪು ಹಂತದ ಪ್ರತಿ ಸೋಲೂ ನೋಯಿಸುತ್ತಿತ್ತು. ಈಗ ಗುಂಪು ಹಂತಕ್ಕೆ ಉಳಿದಿರುವ ಬೆಲೆ ಒಂದೇ: ಹೆಚ್ಚು ಅಂಕ ಗಳಿಸಿದವರಿಗೆ ನಾಕೌಟ್ ಪಂದ್ಯಗಳು ತವರಿನಲ್ಲಿ ಸಿಗುತ್ತವೆ. ರಗ್ಬಿಯಲ್ಲಿ ಅದು ಸಣ್ಣ ಲಾಭವಲ್ಲ. ಪ್ರಯಾಣವಿಲ್ಲ, ದೇಹಕ್ಕೆ ಒಂದು ದಿನದ ವಿಶ್ರಾಂತಿ ಹೆಚ್ಚು, ಕಿವಿಗಡಚಿಕ್ಕುವ ಊರಿನವರ ಬೆಂಬಲ.

ತುಲೂಸ್ ಇದನ್ನು ಚೆನ್ನಾಗಿ ಅರಿತಿತ್ತು. ಡಿಸೆಂಬರ್‌ನಲ್ಲಿ ಕಾರ್ಡಿಫ್ ತಂಡವನ್ನು 52-7ರಲ್ಲಿ, ಲಂಡನ್ನಿಗೆ ಹೋಗಿ ಹಾರ್ಲೆಕ್ವಿನ್ಸ್ ತಂಡವನ್ನು 47-19ರಲ್ಲಿ ಸೋಲಿಸಿತು. ಜನವರಿಯಲ್ಲಿ ಬೆಲ್‌ಫಾಸ್ಟಿನಲ್ಲಿ ಅಲ್‌ಸ್ಟರ್ ವಿರುದ್ಧ 48-24, ತವರಿನಲ್ಲಿ ಬಾತ್ ವಿರುದ್ಧ 31-19. ನಾಲ್ಕಕ್ಕೆ ನಾಲ್ಕು. ಇದರ ಫಲವಾಗಿ ಹದಿನಾರರ ಸುತ್ತು, ಕ್ವಾರ್ಟರ್ ಫೈನಲ್, ಸೆಮಿಫೈನಲ್ ಮೂರೂ ತುಲೂಸಿನಲ್ಲೇ ನಡೆದವು. ಡಿಸೆಂಬರ್‌ನಲ್ಲಿ ಬಿತ್ತಿದ ಬೀಜ ಏಪ್ರಿಲ್, ಮೇ ತಿಂಗಳಲ್ಲಿ ತೆನೆಯಾಯಿತು.

ಫೆಬ್ರುವರಿಯ ಸಂಕಟ

ಈಗ ನಿಜವಾದ ಗಂಟಿನ ಬಳಿ ಬಂದೆವು. ಪ್ರತಿ ವರ್ಷ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಫ್ರಾನ್ಸ್, ಇಟಲಿ ನಡುವೆ ಸಿಕ್ಸ್ ನೇಷನ್ಸ್ ಟೂರ್ನಿ ನಡೆಯುತ್ತದೆ. ದೇಶದ ತಂಡಕ್ಕೆ ಆಯ್ಕೆಯಾದವರು ಶಿಬಿರಕ್ಕೆ ಹೋಗಲೇಬೇಕು. ಆದರೆ 26 ಪಂದ್ಯಗಳ ಲೀಗಿಗೆ ವಾರಾಂತ್ಯಗಳು ಸಾಲದೆ ಟಾಪ್ 14 ಅದೇ ವಾರಗಳಲ್ಲೂ ನಡೆಯುತ್ತದೆ. ಹೀಗೆ ಒಂದರ ಮೇಲೊಂದು ಬೀಳುವ ದಿನಗಳನ್ನು ಫ್ರೆಂಚರು ‘ಡೂಬ್ಲೋಂ’ ಎನ್ನುತ್ತಾರೆ, ಜೋಡಿ ದಿನ ಎಂದಂತೆ. ದೇಶಕ್ಕೆ ಹೆಚ್ಚು ಆಟಗಾರರನ್ನು ಕೊಡುವ ಕ್ಲಬ್ಬಿಗೆ ಈ ದಿನಗಳಲ್ಲಿ ಹೆಚ್ಚು ಪೆಟ್ಟು. ತುಲೂಸ್ ಅಷ್ಟು ಪೆಟ್ಟು ತಿನ್ನುವ ಕ್ಲಬ್ ಇನ್ನೊಂದಿಲ್ಲ.

ನಮ್ಮಲ್ಲಿ ಕ್ರಿಕೆಟ್ ನೋಡುತ್ತ ಬೆಳೆದವರಿಗೆ ಈ ಸಂಕಟದ ಅರಿವಿದೆ. 1990ರ ದಶಕದಲ್ಲಿ ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್ ಭಾರತ ತಂಡದ ಕೆಲಸದಲ್ಲಿರುವಾಗ ಕರ್ನಾಟಕ ರಣಜಿ ತಂಡ ಉಳಿದವರನ್ನು ಕಟ್ಟಿಕೊಂಡು ಆಡಬೇಕಾಗುತ್ತಿತ್ತು. ಆ ದಶಕದ ಕೊನೆಯ ಭಾಗದಲ್ಲಿ ಮೂರು ರಣಜಿ ಟ್ರೋಫಿಗಳು ಬಂದದ್ದರಲ್ಲಿ ತಾರೆಗಳ ಪಾಲು ಎಷ್ಟೋ, ಅವರಿಲ್ಲದ ದಿನ ಬೆವರು ಹರಿಸಿದವರ ಪಾಲೂ ಅಷ್ಟೇ ಇದೆ.

ಇನ್ನೂ ಹತ್ತಿರದ ಹೋಲಿಕೆ ಕರಾವಳಿಯ ಯಕ್ಷಗಾನ ಮೇಳಗಳದು. ಕಟೀಲಿನ ಮೇಳ ಹಲವು ತಂಡಗಳನ್ನು ಇಟ್ಟುಕೊಂಡು ಒಂದೇ ರಾತ್ರಿ ಹಲವು ಊರುಗಳಲ್ಲಿ ಆಟ ಆಡುತ್ತದೆ. ಪ್ರತಿ ತಂಡಕ್ಕೂ ಅದರದೇ ಭಾಗವತರು, ಅದರದೇ ವೇಷಧಾರಿಗಳು. ಫ್ರೆಂಚ್ ಕ್ಲಬ್ಬಿಗೂ ಎರಡು ರಂಗಸ್ಥಳ ಇವೆ. ಆದರೆ ಎರಡು ಮೇಳ ಕಟ್ಟಲು ಅನುಮತಿ ಇಲ್ಲ. ಆ ಋತುವಿನಲ್ಲಿ ಟಾಪ್ 14ರ ಪ್ರತಿ ಕ್ಲಬ್ಬಿಗೂ ಆಟಗಾರರ ಸಂಬಳಕ್ಕೆ ವರ್ಷಕ್ಕೆ 1.07 ಕೋಟಿ ಯೂರೊ ಮಿತಿ ಇತ್ತು. ದೇಶದ ತಂಡಕ್ಕೆ ಆಟಗಾರರನ್ನು ಬಿಟ್ಟುಕೊಡುವ ಕ್ಲಬ್ಬಿಗೆ ಸ್ವಲ್ಪ ಹೆಚ್ಚುವರಿ ಅವಕಾಶವಿದೆ, ಆದರೆ ಹೋದವನಿಗೆ ಸರಿಸಮನಾದ ಇನ್ನೊಬ್ಬನನ್ನು ಕೊಳ್ಳುವಷ್ಟು ಅದು ದೊಡ್ಡದಲ್ಲ. ಹಣವಿದ್ದರೂ ಹೊರದೇಶದ ತಾರೆಗಳನ್ನು ತುಂಬಿಕೊಳ್ಳುವಂತಿಲ್ಲ. ಪಂದ್ಯದ 23 ಜನರಲ್ಲಿ ಋತುವಿನ ಸರಾಸರಿ ಹದಿನಾರು ಜನ ಫ್ರಾನ್ಸಿನ ತರಬೇತಿ ಕೇಂದ್ರಗಳಲ್ಲಿ ಬೆಳೆದವರಾಗಿರಬೇಕು ಎಂಬ ನಿಯಮವಿದೆ. ಇಲ್ಲಿ ಪಾಸ್‌ಪೋರ್ಟ್ ಮುಖ್ಯವಲ್ಲ, ಎಳೆಯ ವಯಸ್ಸಿನಲ್ಲಿ ಎಲ್ಲಿ ಕಲಿತೆ ಎಂಬುದು ಮುಖ್ಯ.

ಹಾಗಾದರೆ ಉಳಿದ ದಾರಿ ಯಾವುದು? ಮನೆಯಲ್ಲೇ ಬೆಳೆಸುವುದು. ತುಲೂಸಿನ ತರಬೇತಿ ಕೇಂದ್ರದಿಂದ ಬಂದ ಹುಡುಗರಿಗೆ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲೇ ಈ ಜೋಡಿ ದಿನಗಳಲ್ಲಿ ಅವಕಾಶ ಸಿಗುತ್ತದೆ. ಅವರಿಗೆ ಸಂಬಳ ಕಡಿಮೆ, ಕ್ಲಬ್ಬಿನ ಆಟದ ಶೈಲಿ ಮಾತ್ರ ಚಿಕ್ಕಂದಿನಿಂದ ಮೈಗೂಡಿದೆ. ಬಂದ ಚೆಂಡನ್ನು ತಾನು ನೆಲಕ್ಕೆ ಬೀಳುವ ಮೊದಲು ಇನ್ನೊಬ್ಬನ ಕೈಗೆ ದಾಟಿಸುವುದು, ಒದೆಯುವ ಬದಲು ಓಡುವುದು: ಈ ಶೈಲಿ ಮೊದಲ ತಂಡಕ್ಕೂ ಹುಡುಗರ ತಂಡಕ್ಕೂ ಒಂದೇ. ಹಾಗಾಗಿ ಹದಿನೈದರಲ್ಲಿ ಒಂಬತ್ತು ಜನ ಬದಲಾದರೂ ಆಟದ ತಾಳ ತಪ್ಪುವುದಿಲ್ಲ. 2015ರಿಂದ ಮುಖ್ಯ ತರಬೇತುದಾರರಾಗಿರುವ ಯೂಗೊ ಮೋಲಾ ಸ್ವತಃ ಈ ಕ್ಲಬ್ಬಿನ ಹಳೆಯ ಆಟಗಾರ. ದಾಳಿಯನ್ನು ನಡೆಸುವ ಫ್ಲೈ ಹಾಫ್ ಸ್ಥಾನದಲ್ಲಿ ಆಡುವ ರೊಮೇನ್ ನ್ತಮಾಕ್ ಅವರ ತಂದೆ ಎಮಿಲ್ ನ್ತಮಾಕ್ 1996ರಲ್ಲಿ ತುಲೂಸ್ ಮೊತ್ತಮೊದಲ ಯುರೋಪಿಯನ್ ಕಪ್ ಗೆದ್ದಾಗ ನಾಯಕರಾಗಿದ್ದರು. ಮನೆತನದ ವಿದ್ಯೆ ದಾಟಿ ಬಂದ ಹಾಗೆ.

ನನ್ನ ಮಟ್ಟಿಗೆ ತುಲೂಸ್ ಎರಡು ಪ್ರಶಸ್ತಿ ಗೆದ್ದದ್ದು ಮೇ, ಜೂನ್ ತಿಂಗಳ ದೀಪಾಲಂಕೃತ ಮೈದಾನಗಳಲ್ಲಿ ಅಲ್ಲ. ಕ್ಯಾಮೆರಾಗಳೆಲ್ಲ ಸಿಕ್ಸ್ ನೇಷನ್ಸ್ ಕಡೆ ತಿರುಗಿದ್ದಾಗ, ಚಳಿಯಲ್ಲಿ, ಹೆಸರಿಲ್ಲದ ಹುಡುಗರು ಲೀಗಿನ ಪಟ್ಟಿಯಲ್ಲಿ ತಂಡವನ್ನು ಕೆಳಗೆ ಬೀಳದಂತೆ ಹಿಡಿದರಲ್ಲ, ಅಲ್ಲಿ.

ವಿಶ್ವಕಪ್ ಬಿಟ್ಟುಹೋದ ಗಾಯ

2023–24ರಲ್ಲಿ ಈ ಸಂಕಟ ಇಮ್ಮಡಿಯಾಗಿತ್ತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಫ್ರಾನ್ಸಿನಲ್ಲೇ ವಿಶ್ವಕಪ್ ನಡೆಯಿತು. ಅದಕ್ಕಾಗಿ ಟಾಪ್ 14 ಆಗಸ್ಟ್‌ನಲ್ಲಿ ಆರಂಭವಾಗಿ ನಡುವೆ ನಿಂತು, ಅಕ್ಟೋಬರ್ ಕೊನೆಗೆ ಮತ್ತೆ ಹೊರಟಿತು. ವಿಶ್ವಕಪ್‌ಗೆ ಮೊದಲೇ, ಆಗಸ್ಟ್‌ನ ಒಂದು ಅಭ್ಯಾಸ ಪಂದ್ಯದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಆಡುವಾಗ ನ್ತಮಾಕ್ ಅವರ ಮಂಡಿಯ ಕಟ್ಟು ಹರಿಯಿತು. ಅವರು ಮರಳಿದ್ದು ಮುಂದಿನ ವರ್ಷದ ವಸಂತದಲ್ಲಿ. ಸೆಪ್ಟೆಂಬರ್‌ನಲ್ಲಿ ನಮೀಬಿಯಾ ವಿರುದ್ಧ ಫ್ರಾನ್ಸ್ ನಾಯಕ, ತುಲೂಸಿನವರೇ ಆದ ಆಂಟ್ವಾನ್ ದ್ಯುಪಾಂ ಅವರ ಕೆನ್ನೆಯ ಮೂಳೆ ಮುರಿಯಿತು. ಅವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ತಲೆಗೆ ರಕ್ಷಾಕವಚ ತೊಟ್ಟು ಕ್ವಾರ್ಟರ್ ಫೈನಲ್‌ಗೆ ಇಳಿದರು. ಅಕ್ಟೋಬರ್ 15ರಂದು ದಕ್ಷಿಣ ಆಫ್ರಿಕಾ 29-28ರಲ್ಲಿ, ಒಂದೇ ಅಂಕದಿಂದ, ಫ್ರಾನ್ಸನ್ನು ಹೊರಹಾಕಿತು. ತವರಿನ ವಿಶ್ವಕಪ್‌ನಲ್ಲಿ ಒಂದು ಅಂಕದ ಸೋಲು. ಆ ಆಟಗಾರರು ಕ್ಲಬ್ಬಿಗೆ ಮರಳಿದಾಗ ದೇಹಕ್ಕಿಂತ ಮನಸ್ಸು ಹೆಚ್ಚು ದಣಿದಿತ್ತು.

ಒಂದು ಲೆಕ್ಕ ಇಲ್ಲಿ ಹೇಳಿಬಿಡಬೇಕು. ಆ ಋತುವಿನಲ್ಲಿ ತುಲೂಸ್ ಆಡಿದ್ದು ಲೀಗಿನ 26, ಅದರ ಸೆಮಿಫೈನಲ್ ಮತ್ತು ಫೈನಲ್, ಯುರೋಪಿನಲ್ಲಿ ಎಂಟು. ಒಟ್ಟು 36 ಪಂದ್ಯ. ಫ್ರಾನ್ಸ್ ತಂಡ ವಿಶ್ವಕಪ್‌ನಲ್ಲಿ ಐದು, ಸಿಕ್ಸ್ ನೇಷನ್ಸ್‌ನಲ್ಲಿ ಐದು ಆಡಿತು. ಅಭ್ಯಾಸ ಪಂದ್ಯಗಳು ಬೇರೆ. ವಾರಕ್ಕೆ ಒಂದೇ ಪಂದ್ಯ ತಡೆಯುವ ದೇಹ ಹತ್ತು ತಿಂಗಳಲ್ಲಿ ಇವೆಲ್ಲವನ್ನೂ ಹೊರಲು ಸಾಧ್ಯವೇ ಇಲ್ಲ. ಆದ್ದರಿಂದ ತರಬೇತುದಾರನ ನಿಜವಾದ ಕೆಲಸ ಹದಿನೈದು ಜನರನ್ನು ಆರಿಸುವುದಕ್ಕಿಂತ ಹೆಚ್ಚಾಗಿ, ಈ ವಾರ ಯಾರನ್ನು ಮನೆಯಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುವುದು. ಅಭಿಮಾನಿಗಳು ದುಡ್ಡು ಕೊಟ್ಟು ದ್ಯುಪಾಂ ನೋಡಲು ಬಂದಿರುತ್ತಾರೆ. ಅವರನ್ನು ನಿರಾಶೆಗೊಳಿಸುವ ಧೈರ್ಯ ಬೇಕು.

ದ್ಯುಪಾಂ ಅವರ ವಿಷಯ ಇನ್ನಷ್ಟು ಜಟಿಲವಾಗಿತ್ತು. 2024ರ ಬೇಸಿಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್. ಒಲಿಂಪಿಕ್ಸ್‌ನಲ್ಲಿ ಆಡುವುದು ಏಳು ಜನರ ರಗ್ಬಿ. ಏಳೇಳು ನಿಮಿಷಗಳ ಎರಡು ಭಾಗ, ಅಷ್ಟೇ ದೊಡ್ಡ ಮೈದಾನ, ಬರೀ ಓಟ. 2025ರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಹೆಸರಿನ ತಂಡವೂ ಸೇರಿ ನಮ್ಮ ದೇಶದಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗಿನದೂ ಇದೇ ಬಗೆಯ ಆಟ. ಅದನ್ನು ಕಲಿಯಲೆಂದು ದ್ಯುಪಾಂ ಸಿಕ್ಸ್ ನೇಷನ್ಸ್ ಬಿಟ್ಟರು. ವ್ಯಾಂಕೂವರ್, ಲಾಸ್ ಏಂಜಲೀಸ್‌ಗೆ ಹೋಗಿ ಏಳು ಜನರ ತಂಡದಲ್ಲಿ ಆಡಿದರು. ಹದಿನೈದು ಜನರ ರಗ್ಬಿಯಲ್ಲಿ ಜಗತ್ತಿನ ಶ್ರೇಷ್ಠ ಆಟಗಾರ ಲೀಗ್, ಕಪ್ ಎರಡೂ ಬಾಕಿ ಇರುವಾಗ ಹೊಸ ಆಟ ಕಲಿಯಲು ಹೊರಡುವುದಕ್ಕೆ ಸಂಬಳ ಕೊಡುವ ಕ್ಲಬ್ ಒಪ್ಪಿದ್ದು ದೊಡ್ಡ ಮಾತು.

ತುಲೂಸ್ ಹೊರಗಿನಿಂದ ತಂದವರು ಕಡಿಮೆ, ಆದರೆ ಅಳೆದು ಸುರಿದು ತಂದವರು. ಇಂಗ್ಲೆಂಡಿನ ಹೆಸರಾಂತ ವಾಸ್ಪ್ಸ್ ಕ್ಲಬ್ 2022ರಲ್ಲಿ ಸಾಲದಲ್ಲಿ ಮುಳುಗಿ ಮುಚ್ಚಿದಾಗ ಕೆಲಸ ಕಳೆದುಕೊಂಡವರಲ್ಲಿ ಜ್ಯಾಕ್ ವಿಲ್ಲಿಸ್ ಒಬ್ಬರು. ಬಿದ್ದವನ ಮೇಲೆ ಬಾಗಿ ಎದುರಾಳಿಯ ಚೆಂಡನ್ನು ಕಿತ್ತುಕೊಳ್ಳುವುದರಲ್ಲಿ ಅವರಿಗೆ ಸಾಟಿ ಕಡಿಮೆ. ಎಡಿನ್‌ಬರಾದಿಂದ ಬ್ಲೇರ್ ಕಿಂಗ್‌ಹಾರ್ನ್ ಋತುವಿನ ನಡುವೆ ಬಂದರು. ಅವರು ಎಲ್ಲರ ಹಿಂದೆ ನಿಂತು ಕಾಯುವ ಫುಲ್‌ಬ್ಯಾಕ್, ಫ್ಲೈ ಹಾಫ್ ಎರಡೂ ಆಡಬಲ್ಲರು, ದೂರದಿಂದ ಪೆನಾಲ್ಟಿ ಒದೆಯಬಲ್ಲರು. ತೋಮಾ ರಾಮೋಸ್‌ನಂತಹ ಒದೆಗಾರ ಇರುವಾಗ ಇನ್ನೊಬ್ಬ ಯಾಕೆ ಎಂದು ಕೇಳಬಹುದು. ಉತ್ತರ ಮೇ 25ರ ಸಂಜೆ ಸಿಕ್ಕಿತು.

ಟಾಟನ್‌ಹ್ಯಾಮ್‌ನ ನೂರು ನಿಮಿಷ

ಏಪ್ರಿಲ್‌ನಲ್ಲಿ ರಾಸಿಂಗ್ 92 ತಂಡವನ್ನು 31-7ರಲ್ಲಿ, ವಾರದ ನಂತರ ಎಕ್ಸೆಟರ್ ತಂಡವನ್ನು 64-26ರಲ್ಲಿ ತುಲೂಸ್ ಮಣಿಸಿತು. ಮೇ 5ರ ಸೆಮಿಫೈನಲ್‌ನಲ್ಲಿ ಹಾರ್ಲೆಕ್ವಿನ್ಸ್ ಡಿಸೆಂಬರ್‌ನ ಅವಮಾನ ಮರೆತು ಹೋರಾಡಿತು, ಆದರೂ 38-26.

ಫೈನಲ್ ಲಂಡನ್ನಿನ ಟಾಟನ್‌ಹ್ಯಾಮ್ ಕ್ರೀಡಾಂಗಣದಲ್ಲಿ, ಡಬ್ಲಿನ್ನಿನ ಲೆನ್‌ಸ್ಟರ್ ವಿರುದ್ಧ. ಈ ಎರಡು ತಂಡಗಳು ಋತುವನ್ನು ಕಟ್ಟುವ ಎರಡು ಬೇರೆ ಬೇರೆ ವಿಧಾನಗಳಿಗೆ ಪ್ರತಿನಿಧಿಗಳು. ಐರ್ಲೆಂಡಿನಲ್ಲಿ ನಾಲ್ಕು ಪ್ರಾಂತ್ಯ ತಂಡಗಳಿದ್ದು, ಅವು ದೇಶದ ರಗ್ಬಿ ಸಂಸ್ಥೆಯ ಅಧೀನದಲ್ಲಿವೆ. ಪ್ರಮುಖ ಆಟಗಾರರಿಗೆ ಸಂಬಳ ಕೊಡುವುದು ಸಂಸ್ಥೆಯೇ. ಅವರು ಎಷ್ಟು ಆಡಬೇಕು, ಯಾವಾಗ ವಿರಮಿಸಬೇಕು ಎಂದು ಹೇಳುವುದೂ ಅದೇ. ಅವರ ಲೀಗಿನಲ್ಲಿ ಕೆಳಗಿಳಿಯುವ ಭಯವೂ ಇಲ್ಲ. ಹಾಗಾಗಿ ಲೆನ್‌ಸ್ಟರ್ ತನ್ನ ಮುಖ್ಯ ಆಟಗಾರರನ್ನು ಯುರೋಪಿಗೆಂದೇ ಒಪ್ಪವಾಗಿ ಸಿದ್ಧಪಡಿಸಬಲ್ಲದು. ತುಲೂಸಿಗೆ ಆ ಅನುಕೂಲವಿಲ್ಲ. ಅದು ಪ್ರತಿ ವಾರ ಕಾದಾಡಿ ಬರಬೇಕು. ಕಾಗದದ ಮೇಲೆ ಲೆನ್‌ಸ್ಟರ್ ಹೆಚ್ಚು ತಾಜಾ ಇರಬೇಕಿತ್ತು. ಆದರೆ ಅವರು 2022, 2023ರ ಫೈನಲ್‌ಗಳಲ್ಲಿ ಲಾ ರೊಶೆಲ್ ಎದುರು ಸೋತಿದ್ದರು, 24-21 ಮತ್ತು 27-26ರಲ್ಲಿ. ಆ ಎರಡು ಸೋಲಿನ ಭಾರವೂ ಮೈದಾನಕ್ಕೆ ಬಂದಿತ್ತು.

ಇಷ್ಟು ಟ್ರೈ ಗಳಿಸಬಲ್ಲ ಎರಡು ತಂಡಗಳು ಸೇರಿ 80 ನಿಮಿಷದಲ್ಲಿ ಒಂದೂ ಟ್ರೈ ಗಳಿಸಲಿಲ್ಲ. ಎರಡೂ ಕಡೆಯ ರಕ್ಷಣೆ ಅಷ್ಟು ಬಿಗಿ. ವಿಲ್ಲಿಸ್ ಮತ್ತೆ ಮತ್ತೆ ಚೆಂಡು ಕಿತ್ತರು. ಐದು ಪೆನಾಲ್ಟಿ ಇವರಿಗೆ, ಐದು ಅವರಿಗೆ, 15-15. ಗಡಿಯಾರ 80ರ ಹತ್ತಿರ ಬಂದಾಗ ಲೆನ್‌ಸ್ಟರ್‌ನ ಕೀರನ್ ಫ್ರಾಲಿ ದೂರದಿಂದ ಡ್ರಾಪ್ ಗೋಲ್ ಪ್ರಯತ್ನಿಸಿದರು. ಚೆಂಡು ಕಂಬದ ಪಕ್ಕದಲ್ಲಿ ಸ್ವಲ್ಪದರಲ್ಲಿ ಹೊರಗೆ ಹೋಯಿತು. ಅದು ಒಳಗೆ ಹೋಗಿದ್ದರೆ ಲೆನ್‌ಸ್ಟರ್ ಚಾಂಪಿಯನ್, ಮತ್ತು ನಾನು ಈ ಲೇಖನವನ್ನು ಬೇರೆ ಯಾವುದೋ ತಂಡದ ಬಗ್ಗೆ ಬರೆಯುತ್ತಿದ್ದೆ.

ಹತ್ತು ಹತ್ತು ನಿಮಿಷಗಳ ಹೆಚ್ಚುವರಿ ಅವಧಿ. ಚೆಂಡನ್ನು ಬೇಕೆಂದೇ ಕೈಯಿಂದ ತಟ್ಟಿ ಪಾಸ್ ತಡೆದದ್ದಕ್ಕೆ ಲೆನ್‌ಸ್ಟರ್‌ನ ಜೇಮ್ಸ್ ಲೋ ಹಳದಿ ಕಾರ್ಡ್ ಪಡೆದು ಹೊರನಡೆದರು. ಹಳದಿ ಕಾರ್ಡ್ ಎಂದರೆ ಹತ್ತು ನಿಮಿಷ ಹದಿನಾಲ್ಕೇ ಜನ. ಅವರು ಕಾಯುತ್ತಿದ್ದ ಅಂಚು ಬರಿದಾಯಿತು. ಆ ಹೊತ್ತಿನಲ್ಲೇ ತುಲೂಸಿನ ತರಬೇತಿ ಕೇಂದ್ರದಲ್ಲಿ ಬೆಳೆದ ಮತಿಸ್ ಲೆಬೆಲ್ ಪಂದ್ಯದ ಮೊದಲ ಟ್ರೈ ಗಳಿಸಿದರು. ಬಳಿಕ ತುಲೂಸಿನ ರಿಚಿ ಆರ್ನಾಲ್ಡ್ ಅಪಾಯಕಾರಿ ಡಿಕ್ಕಿಗಾಗಿ ಕೆಂಪು ಕಾರ್ಡ್ ಪಡೆದಾಗ ತಕ್ಕಡಿ ಮತ್ತೆ ವಾಲಿತು; ಜಾಶ್ ವ್ಯಾನ್ ಡರ್ ಫ್ಲಿಯರ್ ಟ್ರೈನಿಂದ ಲೆನ್‌ಸ್ಟರ್ 22ಕ್ಕೆ ಬಂತು. ನೂರು ನಿಮಿಷ ಮುಗಿದಾಗ ತುಲೂಸ್ 31-22. ಆ 31ರಲ್ಲಿ ಒಂದೇ ಟ್ರೈ. ಉಳಿದದ್ದು ಕಿಂಗ್‌ಹಾರ್ನ್ ಮತ್ತು ರಾಮೋಸ್ ಇಬ್ಬರ ಕಾಲಿನಿಂದ ಬಂತು, ಟ್ರೈ ನಂತರದ ಎರಡು ಅಂಕ ಮತ್ತು ಎಂಟು ಪೆನಾಲ್ಟಿಗಳು. ಇಬ್ಬರು ಒದೆಗಾರರು ಯಾಕೆ ಎಂಬ ಪ್ರಶ್ನೆಗೆ ಉತ್ತರ ಇದು. ಕ್ಲಬ್ಬಿಗೆ ಆರನೆಯ ಯುರೋಪಿಯನ್ ಕಪ್. ಅಷ್ಟು ಗೆದ್ದವರು ಇನ್ನಾರೂ ಇಲ್ಲ.

ಮಾರ್ಸೇ, ಜೂನ್ 28

ನೂರು ನಿಮಿಷ ಹೊಡೆದಾಡಿದ ತಂಡಕ್ಕೆ ಮೆರವಣಿಗೆ ಮುಗಿದ ಕೂಡಲೇ ಲೀಗ್ ಕಾದಿತ್ತು. ಇಲ್ಲಿಯೇ ಬಹಳ ತಂಡಗಳು ಕುಸಿಯುತ್ತವೆ. ಲೆನ್‌ಸ್ಟರ್ ಕೂಡ ಜೂನ್ 15ರಂದು ಪ್ರಿಟೋರಿಯಾದಲ್ಲಿ ಅಲ್ಲಿನ ಬುಲ್ಸ್ ತಂಡದ ಎದುರು 25-20ರಲ್ಲಿ ಸೋತು ತನ್ನ ಲೀಗನ್ನೂ ಕಳೆದುಕೊಂಡಿತು. ತುಲೂಸ್ ಮಾತ್ರ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದರಿಂದ ಆರಂಭದ ನಾಕೌಟ್ ಸುತ್ತು ಆಡಬೇಕಾಗಿ ಬರಲಿಲ್ಲ, ಒಂದು ವಾರಾಂತ್ಯ ಉಸಿರಾಡಿತು. ಫೆಬ್ರುವರಿಯ ಹುಡುಗರು ಗಳಿಸಿಟ್ಟ ಅಂಕಗಳು ಜೂನ್‌ನಲ್ಲಿ ಹಿರಿಯರಿಗೆ ವಿಶ್ರಾಂತಿಯ ರೂಪದಲ್ಲಿ ಕೈಸೇರಿದವು. ಅದೇ ವಾರ ಎದುರಾಳಿ ಲಾ ರೊಶೆಲ್ ತುಲೋಂಗೆ ಹೋಗಿ 34-29ರಲ್ಲಿ ಜೀವ ತೇಯ್ದು ಗೆದ್ದು ಬಂದಿತ್ತು. ಸೆಮಿಫೈನಲ್‌ನಲ್ಲಿ ಆ ವ್ಯತ್ಯಾಸ ಕಂಡಿತು: ತುಲೂಸ್ 39, ಲಾ ರೊಶೆಲ್ 23.

ಫೈನಲ್ ಎಂದಿನಂತೆ ಪ್ಯಾರಿಸ್ಸಿನಲ್ಲಿ ನಡೆಯಲಿಲ್ಲ. ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿತ್ತು, ಹಾಗಾಗಿ ಮಾರ್ಸೇಯ ವೆಲೋಡ್ರೋಮ್‌ಗೆ ಹೋಯಿತು. ಎದುರಾಳಿ ಬೋರ್ಡೊ-ಬೇಗ್ಲ, ತನ್ನ ಮೊದಲ ಫೈನಲ್ ಆಡುತ್ತಿದ್ದ ತಂಡ. ಫಲಿತಾಂಶ 59-3. ಈ ಗುರಾಣಿಯ ಇತಿಹಾಸದಲ್ಲಿ ಯಾವ ಫೈನಲ್ ಕೂಡ ಇಷ್ಟು ಅಂತರದಲ್ಲಿ ಮುಗಿದಿರಲಿಲ್ಲ. ದಾಖಲೆಯ ಪುಸ್ತಕದಲ್ಲಿ ಇದೇ ದೊಡ್ಡದಾಗಿ ಕಾಣುತ್ತದೆ. ನಾನು ಟಾಟನ್‌ಹ್ಯಾಮ್‌ನ ಒಂಬತ್ತು ಅಂಕದ ಗೆಲುವನ್ನೇ ದೊಡ್ಡದೆನ್ನುತ್ತೇನೆ. ಅಲ್ಲಿ ಸೋಲು ಒಂದು ಒದೆತದಷ್ಟು ಹತ್ತಿರ ಬಂದು ಹೋಗಿತ್ತು. ತುಲೂಸಿಗೆ ಇದು 23ನೆಯ ಗುರಾಣಿ. 1996, 2021ರ ನಂತರ ಒಂದೇ ಋತುವಿನಲ್ಲಿ ಎರಡೂ ಗೆದ್ದದ್ದು ಮೂರನೆಯ ಸಲ. ಫ್ರಾನ್ಸಿನಲ್ಲಿ ಈ ಜೋಡಿ ಗೆಲುವು ಕಂಡ ಇನ್ನೊಂದು ಕ್ಲಬ್ ತುಲೋಂ ಮಾತ್ರ, 2014ರಲ್ಲಿ.

ಸರಿಯಾಗಿ 29 ದಿನಗಳ ನಂತರ, ಜುಲೈ 27ರಂದು, ಲೀಗಿನ ಫೈನಲ್ ಆಡಲಾಗದ ಆ ಸ್ಟಾಡ್ ದ ಫ್ರಾನ್ಸ್‌ನಲ್ಲೇ ದ್ಯುಪಾಂ ಫಿಜಿ ವಿರುದ್ಧ 28-7ರಲ್ಲಿ ಗೆದ್ದು ಒಲಿಂಪಿಕ್ ಚಿನ್ನ ಕೊರಳಿಗೆ ಹಾಕಿಸಿಕೊಂಡರು. ಸೆಪ್ಟೆಂಬರ್‌ನ ಮೊದಲ ವಾರ ಟಾಪ್ 14ರ ಪಟ್ಟಿ ಮತ್ತೆ ಸೊನ್ನೆಯಿಂದ ಶುರುವಾಯಿತು. ತುಲೂಸಿನ ಮೊದಲ ಪಂದ್ಯ ಬ್ರಿಟನಿಯ ಸಣ್ಣ ಊರು ವಾನ್‌ನಲ್ಲಿ, ಮೊತ್ತಮೊದಲ ಬಾರಿ ಮೇಲಿನ ದರ್ಜೆಗೆ ಏರಿದ್ದ ತಂಡದ ಎದುರು.